ಗೊಬ್ಬರದ ಚೀಲದಿಂದ ತೆಗೆದ ದಾನಾ ಟೊಳ್ಳಾದಾಗ: ದೋಷ ಪತ್ತೆ ಮತ್ತು ನಿವಾರಣೆ

ನೇಯ್ದ ಪಾಲಿಪ್ರೊಪಿಲೀನ್ ಚೀಲಗಳನ್ನು ಕತ್ತರಿಸಿ, ತೊಳೆದು, ಕರಗಿಸಿ, ಮರುಬಳಕೆಯ ದಾನಾ (ಪ್ಲಾಸ್ಟಿಕ್ಕಿನ ಸಣ್ಣ ಕಾಳು) ತಯಾರಿಸುವ ಸಣ್ಣ ಘಟಕಗಳನ್ನು ಅತಿ ಹೆಚ್ಚು ಕಾಡುವ ದೋಷವೆಂದರೆ ದಾನಾ ಟೊಳ್ಳಾಗುವುದು. ಡೈಯಿಂದ, ಅಂದರೆ ಕರಗಿದ ಮಾಲು ಹೊರಬರುವ ಯಂತ್ರದ ತೂತುಬಾಯಿಯಿಂದ, ಇಳಿಯುವ ಎಳೆ ನುಣುಪಾಗಿರದೆ ಅಲ್ಲಲ್ಲಿ ಉಬ್ಬಿಕೊಂಡಿರುತ್ತದೆ, ನೀರಿನ ತೊಟ್ಟಿ ದಾಟಿ ಕಟ್ಟರ್ ತಲುಪುವ ಮೊದಲೇ ತುಂಡಾಗುತ್ತದೆ, ಕತ್ತರಿಸಿದ ದಾನಾವನ್ನು ಬ್ಲೇಡಿನಿಂದ ಸೀಳಿ ನೋಡಿದರೆ ಒಳಗೆ ಗಸಗಸೆ ಕಾಳಿನಷ್ಟು ತೂತುಗಳು ಕಾಣುತ್ತವೆ. 25 ಕಿಲೋ ತುಂಬಬೇಕಾದ ಚೀಲ 22 ಕಿಲೋಗೇ ಬಾಯಿವರೆಗೆ ತುಂಬಿ ನಿಲ್ಲುವುದೂ ಇದೇ ದೋಷದ ಗುರುತು. ಇಂಥ ದಾನಾ ಕೊಂಡವನ ಅಚ್ಚಿನಲ್ಲಿ ಬಕೆಟ್ಟಿನ ಮೈಮೇಲೆ ಬೆಳ್ಳಿಗೆರೆಗಳು ಮೂಡುತ್ತವೆ, ಹಿಡಿಕೆ ಮುರಿಯುತ್ತದೆ, ಮುಂದಿನ ಸಲ ಅವನು ದರ ಇಳಿಸಿ ಕೇಳುತ್ತಾನೆ.

ಈ ಬರಹವು ಒಂದೇ ಸ್ಕ್ರೂ ಇರುವ, ಬ್ಯಾರೆಲ್ಲಿನ (ಸ್ಕ್ರೂ ತಿರುಗುವ ಕಾದ ಕೊಳವೆಯ) ನಡುಭಾಗದಲ್ಲಿ ಅನಿಲ ಹೊರಹೋಗಲು ಒಂದು ಗಾಳಿಕಿಂಡಿ ಇರುವ ಎಕ್ಸ್‌ಟ್ರೂಡರನ್ನು (ಮಾಲನ್ನು ಕರಗಿಸಿ ಡೈಯ ಕಡೆಗೆ ತಳ್ಳುವ ಯಂತ್ರವನ್ನು) ಗಮನದಲ್ಲಿಟ್ಟುಕೊಂಡಿದೆ. ತೂತು ಕಂಡ ಕೂಡಲೇ ತಾಪಮಾನದ ಗುಂಡಿಗೆ ಕೈ ಹಾಕುವುದು ನಮ್ಮಲ್ಲಿ ರೂಢಿ. ಆದರೆ ಡೈಯಲ್ಲಿ ಕಾಣುವ ದೋಷ ಡೈಯಲ್ಲೇ ಹುಟ್ಟಿರುವುದು ಅಪರೂಪ. ಬಹುಪಾಲು ಅದು ತೊಳೆಯುವ ತೊಟ್ಟಿಯಲ್ಲೋ, ಚೀಲ ಬಿಚ್ಚುವ ಅಂಗಳದಲ್ಲೋ ಹುಟ್ಟಿ, ಯಂತ್ರದ ಬಾಯಲ್ಲಿ ಮುಖ ತೋರಿಸುತ್ತದೆ. ಆದ್ದರಿಂದ ಪತ್ತೆಯ ದಾರಿ ಡೈಯಿಂದ ಹಿಂದಕ್ಕೆ ಸಾಗಬೇಕು.

ಮಾಲಿನ ಸ್ವಭಾವ

ಪಾಲಿಪ್ರೊಪಿಲೀನ್ ತಾನಾಗಿ ನೀರು ಹೀರುವ ಪ್ಲಾಸ್ಟಿಕ್ ಅಲ್ಲ. ಆದರೆ ನೇಯ್ಗೆ ಹೀರುತ್ತದೆ. ಒಂದರ ಮೇಲೊಂದು ಹಾದುಹೋಗುವ ಚಪ್ಪಟೆ ಪಟ್ಟಿಗಳ ಸಂದಿನಲ್ಲಿ ನೀರು ಬಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ, ಹಿಂಡಿದರೂ ಪೂರ್ತಿ ಬಿಡುವುದಿಲ್ಲ. ಬಕೆಟ್ ಅಥವಾ ಡ್ರಮ್ಮಿನ ಚೂರುಗಳಲ್ಲಿ ಈ ತೊಂದರೆ ಇಷ್ಟಿರುವುದಿಲ್ಲ. ಜೊತೆಗೆ ನೇಯ್ದ ಚೂರು ಹತ್ತಿಯಂತೆ ಹಗುರವಾದ್ದರಿಂದ ಹಾಪರಿನೊಳಗೆ, ಅಂದರೆ ಮಾಲು ಸುರಿಯುವ ಬಾಯಿಯೊಳಗೆ, ಸೇತುವೆ ಕಟ್ಟಿಕೊಂಡು ಕೆಳಗಿಳಿಯದೆ ನಿಲ್ಲುತ್ತದೆ ಮತ್ತು ಸ್ಕ್ರೂ ಒಳಗೆ ಮಾಲಿಗಿಂತ ಹೆಚ್ಚು ಗಾಳಿಯನ್ನು ಕೊಂಡೊಯ್ಯುತ್ತದೆ.

ಚೀಲವೆಂದರೆ ಬರೀ ಪಾಲಿಪ್ರೊಪಿಲೀನ್ ಎಂದುಕೊಳ್ಳುವುದೂ ತಪ್ಪು. ಪಟ್ಟಿ ಉದ್ದಕ್ಕೆ ಸೀಳದಿರಲೆಂದು ತಯಾರಕರು ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿರುತ್ತಾರೆ. ಹಲವು ಚೀಲಗಳ ಒಳಗೆ ತೆಳುವಾದ ಪಾಲಿಥೀನ್ ಒಳಚೀಲವೋ ಮೈಗಂಟಿದ ಲೇಪವೋ ಇರುತ್ತದೆ. ಬಾಯಿ ಹೊಲಿದ ದಾರ ಹತ್ತಿಯದೋ ಪಾಲಿಯೆಸ್ಟರಿನದೋ ಆಗಿರಬಹುದು. ಇವುಗಳ ಮೇಲೆ ಶಾಯಿ, ಶಾಯಿಯ ಮೇಲೆ ಧೂಳು. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160ರಿಂದ 165 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಬ್ಯಾರೆಲ್ಲನ್ನು ನಾವು 190ರಿಂದ 220ರ ನಡುವೆ ಓಡಿಸುತ್ತೇವೆ. ಪಾಲಿಯೆಸ್ಟರ್ ದಾರ ಕರಗಲು 250ಕ್ಕೂ ಹೆಚ್ಚು ಬೇಕು, ಹತ್ತಿ ಕರಗುವುದೇ ಇಲ್ಲ. ಇವೆರಡೂ ಡೈಯ ಹಿಂದೆ ಮಾಲನ್ನು ಸೋಸುವ ಜಾಲರಿಯಲ್ಲಿ ಸಿಕ್ಕಿ ಗಂಟಾಗುತ್ತವೆ.

ತೂತಿನ ರೂಪವೇ ಮೊದಲ ಸಾಕ್ಷಿ

ಹತ್ತು ದಾನಾಗಳನ್ನು ಸೀಳಿ, ಬೆಳಕಿಗೆ ಹಿಡಿದು ನೋಡಬೇಕು. ಪ್ರತಿಯೊಂದರಲ್ಲೂ ನಟ್ಟನಡುವೆ ಒಂದೇ ತೂತಿದ್ದು, ಹೊರಮೈ ನುಣುಪಾಗಿದ್ದರೆ ಅದು ಅನಿಲದ ಗುಳ್ಳೆಯಲ್ಲ. ಎಳೆ ದಪ್ಪವಾಗಿದ್ದು ತೊಟ್ಟಿಯ ನೀರು ತೀರ ತಣ್ಣಗಿದ್ದಾಗ ಹೊರಮೈ ಥಟ್ಟನೆ ಗಟ್ಟಿಯಾಗುತ್ತದೆ, ಒಳಗಿನ ಕಾದ ಭಾಗ ಕುಗ್ಗುತ್ತ ತನ್ನೊಳಗೇ ಖಾಲಿ ಜಾಗ ಬಿಟ್ಟುಕೊಳ್ಳುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಸೀಳದ ದಾನಾವೊಂದನ್ನು ಹಂಚಿನ ಮೇಲೆ ಮೆಲ್ಲಗೆ ಮೆತ್ತಗಾಗುವವರೆಗೆ ಕಾಯಿಸಬೇಕು: ಕುಗ್ಗಿನ ತೂತಾದರೆ ದಾನಾ ಒಳಕ್ಕೆ ಕುಸಿಯುತ್ತದೆ, ಅನಿಲದ ಗುಳ್ಳೆಯಾದರೆ ಉಬ್ಬುತ್ತದೆ. ಕುಸಿದರೆ ಮುಂದಿನದೇನನ್ನೂ ಓದಬೇಕಾಗಿಲ್ಲ; ತೊಟ್ಟಿಯ ನೀರನ್ನು 40ರಿಂದ 50 ಡಿಗ್ರಿಯಲ್ಲಿಟ್ಟು, ಎಳೆಯನ್ನು ಸ್ವಲ್ಪ ತೆಳ್ಳಗೆ ಎಳೆದರೆ ಸಾಕು.

ತೂತುಗಳು ಹಲವಾಗಿದ್ದು ದಾನಾದ ಉದ್ದಕ್ಕೂ ಚೆದುರಿದ್ದರೆ, ಅಂಚಿನವರೆಗೂ ಹರಡಿ ಹೊರಮೈಯನ್ನು ಒರಟಾಗಿಸಿದ್ದರೆ, ಒಳಗೆ ಅನಿಲವಿದೆ. ಆ ಅನಿಲ ನಾಲ್ಕು ಕಡೆಯಿಂದ ಬರಬಹುದು: ಉಳಿದ ತೇವ, ಸಿಕ್ಕಿಬಿದ್ದ ಗಾಳಿ, ಮಿತಿಮೀರಿ ಕಾದು ಒಡೆಯುತ್ತಿರುವ ಪ್ಲಾಸ್ಟಿಕ್, ಅಥವಾ ಚೀಲದಲ್ಲಿ ಮೊದಲು ತುಂಬಿದ್ದ ವಸ್ತುವಿನ ಶೇಷ. ಕೊನೆಯದನ್ನು ಹೆಚ್ಚಿನವರು ನೆನೆಸಿಕೊಳ್ಳುವುದೇ ಇಲ್ಲ.

ತೇವ ಮತ್ತು ಗಾಳಿ

ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹೆಚ್ಚುವುದರಿಂದ, ಕೈಗೆ ಒಣಗಿದಂತೆ ತೋರುವ ಮಾಲಿನಲ್ಲಿ ಉಳಿದ ಅಲ್ಪ ತೇವವೂ ಎಳೆಯನ್ನು ಸೀಳಬಲ್ಲದು. ಡೈಯ ಬಳಿ ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಚಟಪಟ ಸದ್ದು ಬರುವುದು ಮತ್ತು ಗಾಳಿಕಿಂಡಿಗೆ ಹಿಡಿದ ಸ್ಟೀಲ್ ತಟ್ಟೆಯ ಮೇಲೆ ವಾಸನೆಯಿಲ್ಲದ ಹನಿಗಳು ಕೂರುವುದು ತೇವದ ಗುರುತುಗಳು. ತೂಕದಿಂದ ತಿಳಿಯಬೇಕಾದರೆ 100 ಗ್ರಾಂ ಚೂರುಗಳನ್ನು 105 ಡಿಗ್ರಿಯ ಓವನ್ನಿನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು, ಮತ್ತೆ ತೂಗಿ ನೋಡಬೇಕು. ಚೂರುಗಳನ್ನು ಉಂಡೆಗಟ್ಟಿಸುವ ಆಗ್ಲೋ ಯಂತ್ರ ಬಳಸುವವರು ಇನ್ನೊಂದು ಕಡೆ ಗಮನ ಕೊಡಬೇಕು. ಉಜ್ಜಾಟದ ಬಿಸಿಗೆ ಚೂರುಗಳು ಮೆತ್ತಗಾಗಿ ಉಂಡೆಗಟ್ಟುವ ಹೊತ್ತಿಗೆ ನೀರು ಚಿಮುಕಿಸುವ ಕೆಲಸ ಕೈಯಳತೆಯಲ್ಲಿ ನಡೆಯುತ್ತದೆ, ಒಬ್ಬರ ಚೊಂಬು ಇನ್ನೊಬ್ಬರ ಅರ್ಧ ಬಕೆಟ್ ಆಗಿರುತ್ತದೆ. ಪಾಳಿ ಬದಲಾದಾಗಲೆಲ್ಲ ದೋಷ ಬಂದುಹೋಗುತ್ತಿದ್ದರೆ ಮೊದಲು ಈ ಚೊಂಬನ್ನೇ ಅಳೆದು ನಿಗದಿಪಡಿಸಬೇಕು.

ಗಾಳಿಯ ಗುಳ್ಳೆ ದೊಡ್ಡದು, ಒಂದೇ ಸಮನಾಗಿ ಬರದು. ಹಾಪರಿನಲ್ಲಿ ಮಾಲು ಸೇತುವೆ ಕಟ್ಟಿದಾಗ ಹೆಚ್ಚಿ, ಕೋಲಿನಿಂದ ಕುಟ್ಟಿ ತುಂಬಿಸಿದಾಗ ಕಡಿಮೆಯಾಗುತ್ತದೆ. ಚೂರುಗಳ ಬದಲು ಆಗ್ಲೋ ಉಂಡೆಗಳನ್ನು ಹಾಕಿದಾಗ ಗುಳ್ಳೆ ತಕ್ಷಣ ಇಳಿದರೆ ತೀರ್ಮಾನ ಮುಗಿಯಿತು. ಜಾಲರಿಯನ್ನು ಒಂದು ಹಂತ ನುಣ್ಣಗೆ ಮಾಡಿ ಒತ್ತಡ ಹೆಚ್ಚಿಸಿದರೂ ಗಾಳಿ ಹಾಪರಿನ ಕಡೆಗೇ ಹಿಂದಿರುಗುತ್ತದೆ. ಆದರೆ ಒತ್ತಡ ಅತಿಯಾದರೆ ಗಾಳಿಕಿಂಡಿಯಿಂದ ಕರಗಿದ ಮಾಲೇ ಉಕ್ಕತೊಡಗುತ್ತದೆ. ಹಾಗೆ ಉಕ್ಕಿ ಗಟ್ಟಿಯಾದ ಮಾಲಿನಿಂದ ಮುಚ್ಚಿಹೋದ ಕಿಂಡಿಯನ್ನು ಯಾರೂ ಕೆರೆದು ತೆಗೆಯದೆ, ತಿಂಗಳುಗಟ್ಟಲೆ ಕಿಂಡಿಯಿಲ್ಲದ ಯಂತ್ರದಂತೆ ಓಡಿಸುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ.

ಮಿತಿಮೀರಿದ ಕಾವು

ಪಾಲಿಪ್ರೊಪಿಲೀನ್ ಕಾವಿಗೆ ಕೆಟ್ಟಾಗ ಗಟ್ಟಿಯಾಗುವುದಿಲ್ಲ, ತೆಳ್ಳಗಾಗುತ್ತದೆ. ಉದ್ದನೆಯ ಅಣುಸರಪಳಿಗಳು ತುಂಡಾಗಿ, ಎಳೆ ಜೇನಿನಂತೆ ಜಾರಿ ಇಳಿಯುತ್ತದೆ, ಘಾಟು ಹೊಗೆ ಏಳುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಚೀಲದ ಪಟ್ಟಿಗೆ ಬಳಸುವ ಹೊಸ ಪ್ಲಾಸ್ಟಿಕ್ಕಿನ ಹರಿವಿನ ಸೂಚ್ಯಂಕ, ಅಂದರೆ ಎಂಎಫ್ಐ, 230 ಡಿಗ್ರಿಯಲ್ಲಿ 2.16 ಕಿಲೋ ಭಾರದಡಿ ಹತ್ತು ನಿಮಿಷಕ್ಕೆ ಸುಮಾರು 3 ಗ್ರಾಂ ಇರುತ್ತದೆ. ನಿಮ್ಮ ದಾನಾದಲ್ಲಿ ಅದು ಇದರ ಹಲವು ಪಟ್ಟು ಏರಿದ್ದರೆ ಮಾಲು ಎಲ್ಲೋ ಒಡೆದಿದೆ. ಬ್ಯಾರೆಲ್ಲಿನ ಎಲ್ಲ ವಲಯಗಳ ಕಾವನ್ನು 15 ಡಿಗ್ರಿ ಇಳಿಸಿ ಅರ್ಧ ಗಂಟೆ ಕಾಯಬೇಕು. ಹೊಗೆ ಮತ್ತು ಗುಳ್ಳೆ ಎರಡೂ ಒಟ್ಟಿಗೆ ಕಡಿಮೆಯಾದರೆ ಕಾರಣ ಕಾವೇ.

ಹಾಗಾಗದಿದ್ದರೆ ಮಾಲು ಒಳಬರುವ ಮೊದಲೇ ಒಡೆದಿರಬಹುದು. ಒಕ್ಕಣೆಯ ನಂತರ ವರ್ಷಗಟ್ಟಲೆ ಬಣವೆಯ ಮೇಲೆ ಹೊದಿಕೆಯಾಗಿ, ಮಳೆಗಾಲದಲ್ಲಿ ಕೊಪ್ಪೆಯಾಗಿ, ಬೇಲಿಯ ಸಂದಿಗೆ ತಡಿಕೆಯಾಗಿ ಬಿಸಿಲುಂಡ ಚೀಲಗಳು ಗುಜರಿಗೆ ಬರುವಾಗ ಪಟ್ಟಿಯನ್ನು ಬೆರಳಲ್ಲಿ ಹೊಸೆದರೆ ಪುಡಿಯಾಗುತ್ತವೆ. ಇಂಥವನ್ನು ಅಂಗಳದಲ್ಲೇ ಬೇರೆ ಮಾಡಬೇಕು. ತೊಳೆಯುವಾಗ ಅವು ನುಣ್ಣನೆಯ ಪುಡಿಯಾಗಿ ನೀರಿಗೆ ಸೇರುತ್ತವೆ, ಕರಗಿಸಿದಾಗ ಉಳಿದ ಒಳ್ಳೆಯ ಮಾಲಿನ ಬಲವನ್ನೂ ತಗ್ಗಿಸುತ್ತವೆ.

ನಮ್ಮಲ್ಲೇ ನಡೆದ ಒಂದು ಪ್ರಕರಣ

ತುಮಕೂರಿನ ಕಡೆಯ ಒಂದು ಸಣ್ಣ ಘಟಕದಲ್ಲಿ ನಾನು ಉತ್ಪಾದನೆ ನೋಡಿಕೊಳ್ಳುತ್ತಿದ್ದಾಗ, ಮುಂಗಾರಿನ ನಡುವೆ ಯೂರಿಯಾ ಚೀಲಗಳ ದೊಡ್ಡ ಲಾಟೊಂದು ಬಂತು. ಎರಡನೆಯ ದಿನದಿಂದ ಎಳೆ ಐದೈದು ನಿಮಿಷಕ್ಕೆ ತುಂಡಾಗತೊಡಗಿತು. ಮಳೆಗಾಲವಾದ್ದರಿಂದ ತೇವವೆಂದೇ ನಂಬಿ, ಬಿಸಿಗಾಳಿಯ ಅವಧಿಯನ್ನು ಎರಡು ಪಟ್ಟು ಮಾಡಿದೆವು. ನೀರು ಹಿಂಡುವ ಯಂತ್ರ ಬೇರಿಂಗ್ ಕೆಟ್ಟು ನಿಂತಿದ್ದರಿಂದ ಒಣಗಿಸುವ ಭಾರವೆಲ್ಲ ಬಿಸಿಗಾಳಿಯ ಮೇಲೇ ಬಿದ್ದಿತ್ತು. ಓವನ್ನಿನ ಪರೀಕ್ಷೆಯಲ್ಲಿ ತೇವ ಬಹುತೇಕ ಇಲ್ಲವೆಂದೇ ಬಂತು, ಗುಳ್ಳೆ ಮಾತ್ರ ಹೆಚ್ಚಿತು. ತಾಪಮಾನ ಇಳಿಸಿದೆವು, ಸ್ಕ್ರೂ ವೇಗ ತಗ್ಗಿಸಿದೆವು, ಜಾಲರಿ ಬದಲಿಸಿದೆವು. ಹೀಗೆ ಎರಡು ದಿನ ಕಳೆಯಿತು.

ಮೂರನೆಯ ದಿನ ಯಂತ್ರ ಓಡಿಸುತ್ತಿದ್ದ ಹಿರಿಯರೊಬ್ಬರು ಬಂದು, "ಸಾರ್, ಆ ಕಿಂಡಿ ಹತ್ರ ನಿಂತ್ರೆ ದನದ ಕೊಟ್ಟಿಗೆ ವಾಸ್ನೆ ಬರ್ತೈತೆ, ಕಣ್ಣು ಉರೀತೈತೆ" ಎಂದರು. ಶಾಯಿಯ ಹೊಗೆಯಿರಬೇಕೆಂದು ಅದಕ್ಕೆ ಮೊದಲು ಯಾರೂ ಕಿವಿಗೊಟ್ಟಿರಲಿಲ್ಲ. ಕೊಟ್ಟಿಗೆಯ ವಾಸನೆ ಎಂದರೆ ಅಮೋನಿಯಾ. ಬಿಳಿ ಕಾಗದದ ಪಟ್ಟಿಗೆ ಅರಿಶಿನ ಕಲಸಿದ ನೀರು ಬಳಿದು, ಒದ್ದೆಯಿರುವಾಗಲೇ ಇಕ್ಕಳದಲ್ಲಿ ಹಿಡಿದು ಗಾಳಿಕಿಂಡಿಯ ಮೇಲೆ ಒಡ್ಡಿದೆವು. ಓಕುಳಿಯ ನೀರಿನಂತೆ ಅದು ಕೆಂಪಗೆ ತಿರುಗಿತು. ಅರಿಶಿನ ಕ್ಷಾರಕ್ಕೆ ಕೆಂಪಾಗುವುದು ಹಬ್ಬದ ಮನೆಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ, ಕಾರ್ಖಾನೆಯಲ್ಲಿ ಮಾತ್ರ ನೆನಪಾಗಿರಲಿಲ್ಲ. ಕೆಂಪು ಲಿಟ್ಮಸ್ ಪಟ್ಟಿಯಿದ್ದರೆ ಅದು ನೀಲಿಯಾಗುತ್ತದೆ, ಫಲಿತಾಂಶ ಒಂದೇ.

ಯೂರಿಯಾ ಸುಮಾರು 133 ಡಿಗ್ರಿಯಲ್ಲಿ ಕರಗಿ, ಅದಕ್ಕಿಂತ ಮೇಲೆ ಒಡೆದು ಅಮೋನಿಯಾ ಬಿಡುತ್ತದೆ. ಬ್ಯಾರೆಲ್ಲಿನಲ್ಲಿ ಅದಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಕಾವಿದೆ. ಆದರೆ ಯೂರಿಯಾ ನೀರಿನಲ್ಲಿ ಬಲು ಸುಲಭವಾಗಿ ಕರಗುವ ವಸ್ತು. ಕೋಣೆಯ ತಾಪದಲ್ಲಿ ಒಂದು ಲೀಟರ್ ನೀರು ಒಂದು ಕಿಲೋಗೂ ಹೆಚ್ಚನ್ನು ಕರಗಿಸಿಕೊಳ್ಳುತ್ತದೆ. ಹೀಗಿರುವಾಗ ತೊಳೆದ ಚೀಲದಲ್ಲಿ ಅದು ಉಳಿದದ್ದು ಹೇಗೆ? ಉತ್ತರ ತೊಟ್ಟಿಯಲ್ಲಿತ್ತು. ನೀರು ಉಳಿಸಲೆಂದು ಒಂದೇ ನೀರನ್ನು ವಾರದಿಂದ ಸೋಸಿ ಸೋಸಿ ಬಳಸುತ್ತಿದ್ದೆವು. ಸೋಸಿದರೆ ಮಣ್ಣು ಹೋಗುತ್ತದೆ, ಕರಗಿದ ಗೊಬ್ಬರ ಹೋಗುವುದಿಲ್ಲ. ಆ ನೀರನ್ನು ಒಂದು ಸೌಟು ಸ್ಟೀಲ್ ತಟ್ಟೆಯಲ್ಲಿ ಸಣ್ಣ ಉರಿಯ ಮೇಲೆ ಇಂಗಿಸಿದಾಗ ತಳದಲ್ಲಿ ದಪ್ಪನೆಯ ಬಿಳಿ ಪದರ ಉಳಿಯಿತು. ಬೋರ್‌ವೆಲ್ಲಿನ ಗಡಸು ನೀರೂ ಬಿಳಿ ಕಲೆ ಬಿಡುತ್ತದಾದ್ದರಿಂದ ಪಕ್ಕದಲ್ಲೇ ಇನ್ನೊಂದು ತಟ್ಟೆಯಲ್ಲಿ ಹೊಸ ನೀರನ್ನೂ ಇಂಗಿಸಿ ಹೋಲಿಸಬೇಕು. ನಮ್ಮ ಎರಡು ತಟ್ಟೆಗಳ ನಡುವಿನ ವ್ಯತ್ಯಾಸ ಕಾಣಲು ಕನ್ನಡಕ ಬೇಕಿರಲಿಲ್ಲ.

ಒಣಗಿಸಿದಷ್ಟೂ ದೋಷ ಹೆಚ್ಚಿದ್ದೇಕೆ ಎಂಬುದೂ ಆಗಲೇ ತಿಳಿಯಿತು. ಹಿಂಡುವ ಯಂತ್ರ ನೀರನ್ನು ನೀರಾಗಿಯೇ ಹೊರಹಾಕುತ್ತದೆ, ಅದರೊಡನೆ ಕರಗಿದ ಯೂರಿಯಾವೂ ಹೋಗುತ್ತದೆ. ಬಿಸಿಗಾಳಿ ಒಯ್ಯುವುದು ಆವಿಯನ್ನು ಮಾತ್ರ, ಯೂರಿಯಾ ಪಟ್ಟಿಯ ಮೈಮೇಲೆ ಉಳಿಯುತ್ತದೆ. ಲೆಕ್ಕ ಹಾಕಿ ನೋಡಬಹುದು: ಒಂದು ಕಿಲೋ ಚೂರುಗಳಲ್ಲಿ 100 ಗ್ರಾಂ ನೀರು ನಿಂತಿದ್ದು, ಅದರಲ್ಲಿ ನೂರಕ್ಕೆ ಮೂರರಷ್ಟು ಯೂರಿಯಾ ಇದ್ದರೆ, ಒಣಗಿದ ಮೇಲೆ 3 ಗ್ರಾಂ ಉಳಿಯುತ್ತದೆ. ಅದರ ಪ್ರತಿ ಅಣುವಿನಿಂದ ಒಂದೇ ಒಂದು ಅಮೋನಿಯಾ ಅಣು ಹೊರಟರೂ, 210 ಡಿಗ್ರಿಯಲ್ಲಿ, ವಾತಾವರಣದ ಒತ್ತಡದಲ್ಲಿ, ಸುಮಾರು 2 ಲೀಟರ್ ಅನಿಲವಾಗುತ್ತದೆ. ಕರಗಿದ ಒಂದು ಕಿಲೋ ಪ್ಲಾಸ್ಟಿಕ್ಕಿನ ಗಾತ್ರವೇ ಒಂದೂವರೆ ಲೀಟರಿಗಿಂತ ಕಡಿಮೆ. ಒಂದು ಗಾಳಿಕಿಂಡಿ ಇದನ್ನು ಹೇಗೆ ತಾನೆ ತಾಳೀತು?

ಅನುಮಾನ ಪೂರ್ತಿ ನೀಗಿಸಿಕೊಳ್ಳಲು ಅದೇ ಲಾಟಿನ 50 ಕಿಲೋ ಚೂರುಗಳನ್ನು ಹೊಸ ನೀರಿನಲ್ಲಿ ಒಮ್ಮೆ ಜಾಲಿಸಿ, ಒಣಗಿಸಿ, ಯಂತ್ರದ ಯಾವ ಸೆಟ್ಟಿಂಗನ್ನೂ ಮುಟ್ಟದೆ ಓಡಿಸಿದೆವು. ಎಳೆ ತಂತಿಯಂತೆ ಬಂತು. ಈ ಕೊನೆಯ ಹೆಜ್ಜೆಯನ್ನು ಯಾರೂ ಬಿಡಬಾರದು. ಒಮ್ಮೆಗೆ ಒಂದನ್ನೇ ಬದಲಿಸಿದಾಗ ಮಾತ್ರ ಫಲಿತಾಂಶಕ್ಕೆ ಅರ್ಥವಿರುತ್ತದೆ.

ಶಾಶ್ವತ ಪರಿಹಾರ

ಮೊದಲು ಒಣ ಕೆಲಸ, ಆಮೇಲೆ ಒದ್ದೆ ಕೆಲಸ. ಚೀಲವನ್ನು ಬಿಚ್ಚಿ, ಹೊಲಿಗೆಯ ಅಂಚನ್ನು ಕತ್ತರಿಸಿ ತೆಗೆದು, ಮೂಲೆಗಳಲ್ಲಿ ಸಿಕ್ಕಿದ ಕಾಳುಗಳನ್ನು ತಿರುಗುವ ಜರಡಿ ಡ್ರಮ್ಮಿನಲ್ಲಿ ಉದುರಿಸಬೇಕು. ಯೂರಿಯಾದ ಹೆಚ್ಚಿನ ಪಾಲು ನೀರು ಕಾಣುವ ಮೊದಲೇ ಹೋಗಬೇಕು. ಸಿಮೆಂಟ್ ಚೀಲಗಳಿಗಂತೂ ಈ ಹಂತ ತಪ್ಪುವಂತೆಯೇ ಇಲ್ಲ: ಒಣಗಿರುವಾಗ ಧೂಳಾಗಿ ಉದುರುವ ಸಿಮೆಂಟು ಒದ್ದೆಯಾದರೆ ತೊಟ್ಟಿಯ ತಳದಲ್ಲೂ ಗ್ರೈಂಡರಿನ ಬ್ಲೇಡಿನಲ್ಲೂ ಕಲ್ಲಾಗುತ್ತದೆ. ಅದು ಅನಿಲ ಬಿಡುವುದಿಲ್ಲ, ಆದರೆ ಸ್ಕ್ರೂವನ್ನು ಅರದಂತೆ ತಿನ್ನುತ್ತದೆ. ಡ್ರಮ್ಮಿನ ಬಳಿ ಕೆಲಸ ಮಾಡುವವರಿಗೆ ಮುಖಗವಸು ಮತ್ತು ಕೈಗವಸು ಕಡ್ಡಾಯ.

ತೊಳೆಯುವಾಗ ನೀರು ಮಾಲಿಗೆ ಎದುರಾಗಿ ಸಾಗಬೇಕು. ಮೂರು ತೊಟ್ಟಿಗಳಿದ್ದರೆ ಹೊಸ ನೀರು ಮೂರನೆಯದಕ್ಕೆ ಬಿದ್ದು, ಅಲ್ಲಿಂದ ಎರಡನೆಯದಕ್ಕೆ, ಕೊನೆಗೆ ಮೊದಲನೆಯದಕ್ಕೆ ಹರಿಯಬೇಕು. ಚೂರುಗಳು ಮೊದಲನೆಯದರಿಂದ ಮೂರನೆಯದಕ್ಕೆ ಬರಬೇಕು. ಹೀಗೆ ಮಾಡಿದರೆ ಒಟ್ಟು ನೀರು ಹೆಚ್ಚು ಖರ್ಚಾಗದೆಯೇ ಮಾಲು ಕೊನೆಯಲ್ಲಿ ಶುದ್ಧ ನೀರನ್ನು ಕಾಣುತ್ತದೆ. ಮೂರನೆಯ ತೊಟ್ಟಿಯ ನೀರನ್ನು ದಿನಕ್ಕೊಮ್ಮೆ ತಟ್ಟೆಯಲ್ಲಿ ಇಂಗಿಸಿ ನೋಡುವುದನ್ನು ಪಾಳಿಯ ಕೆಲಸವಾಗಿಸಬೇಕು. ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಪುಟ್ಟ ಟಿಡಿಎಸ್ ಮೀಟರ್ ಇಲ್ಲಿ ಮೋಸ ಮಾಡುತ್ತದೆ ಎಂಬುದನ್ನು ನೆನಪಿಡಬೇಕು: ಅದು ಅಳೆಯುವುದು ವಿದ್ಯುತ್ ಹರಿವನ್ನು, ಯೂರಿಯಾ ನೀರಿನಲ್ಲಿ ಅಯಾನುಗಳಾಗಿ ಒಡೆಯುವುದಿಲ್ಲ. ಪೊಟ್ಯಾಶ್ ಅಥವಾ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಚೀಲಗಳ ನೀರಿಗೆ ಮೀಟರ್ ಚೆನ್ನಾಗಿಯೇ ನಡೆಯುತ್ತದೆ. ಡಿಎಪಿಯೂ ಕಾವಿಗೆ ಅಮೋನಿಯಾ ಬಿಡುವ ಗೊಬ್ಬರ, ಪೊಟ್ಯಾಶ್ ಬಿಡುವುದಿಲ್ಲ.

ಬಿಸಿಗಾಳಿಗೆ ಕಳಿಸುವ ಮೊದಲು ಹಿಂಡುವ ಯಂತ್ರದಲ್ಲಿ ಮಾಲು ಹಾಯಲೇಬೇಕು. ಅದು ಕೆಟ್ಟಿದ್ದರೆ ಗೊಬ್ಬರದ ಚೀಲಗಳ ಲಾಟನ್ನು ಬದಿಗಿಟ್ಟು ಅಕ್ಕಿ, ಸಕ್ಕರೆ ಚೀಲಗಳನ್ನು ಓಡಿಸುವುದು ಜಾಣತನ. ಮೊದಲ ತೊಟ್ಟಿಯ ಕೊಳೆನೀರಿನಲ್ಲಿ ಗೊಬ್ಬರವಿದೆ, ತೋಟಕ್ಕೆ ಬಿಡೋಣ ಎಂದು ಹೇಳುವವರು ಪ್ರತಿ ಊರಿನಲ್ಲೂ ಇರುತ್ತಾರೆ. ಅದರಲ್ಲಿ ಶಾಯಿ, ಸಾಬೂನು, ಪ್ಲಾಸ್ಟಿಕ್ ಪುಡಿ ಎಲ್ಲವೂ ಇರುವುದರಿಂದ ಅದು ತೋಟಕ್ಕೂ ಅಲ್ಲ, ಕೆರೆಗೂ ಅಲ್ಲ. ಸಂಸ್ಕರಿಸಿಯೇ ಹೊರಬಿಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯ ಷರತ್ತುಗಳೂ ಇದಕ್ಕೆ ಅನ್ವಯಿಸುತ್ತವೆ. ಕೀಟನಾಶಕ ತುಂಬಿದ್ದ ಚೀಲಗಳನ್ನು ಈ ಸಾಲಿಗೆ ಸೇರಿಸಲೇಬಾರದು.

ಗುಳ್ಳೆಯಂತೆ ತೋರುವ ಬೇರೆ ದೋಷಗಳು

ಎಳೆ ತುಂಡಾಗುತ್ತಿದ್ದು ಸೀಳಿದಾಗ ತೂತು ಕಾಣದಿದ್ದರೆ, ತುಂಡಾದ ತುದಿಯನ್ನು ನೋಡಬೇಕು. ನಾರಿನ ಎಳೆ ಅಥವಾ ಕಪ್ಪು ಚುಕ್ಕೆ ಹೊರಚಾಚಿದ್ದರೆ ಹೊಲಿಗೆ ದಾರ ಇಲ್ಲವೇ ಡೈಯ ಮೂಲೆಯಲ್ಲಿ ಸುಟ್ಟ ಮಾಲು ಕಾರಣ. ತುದಿ ಈರುಳ್ಳಿಯಂತೆ ಪದರ ಪದರವಾಗಿ ಬಿಡುತ್ತಿದ್ದರೆ ಒಳಚೀಲದ ಪಾಲಿಥೀನ್ ಹೆಚ್ಚು ಸೇರಿದೆ. ಇವೆರಡು ಪ್ಲಾಸ್ಟಿಕ್‌ಗಳು ಕರಗಿದರೂ ಒಂದಾಗುವುದಿಲ್ಲ. ತೊಟ್ಟಿಯಲ್ಲಿ ತೇಲಿಸಿ ಬೇರ್ಪಡಿಸುತ್ತೇವೆ ಎಂಬ ಭರವಸೆ ಇಲ್ಲಿ ಕೆಲಸಕ್ಕೆ ಬಾರದು, ಎರಡೂ ತೇಲುತ್ತವೆ. ಅನುಮಾನದ ಚೂರುಗಳನ್ನು 145 ಡಿಗ್ರಿಗೆ ಕಾಯಿಸಿದ ಫಲಕದ ಮೇಲಿಟ್ಟರೆ ಪಾಲಿಥೀನ್ ಕರಗಿ ಹರಡುತ್ತದೆ, ಪಾಲಿಪ್ರೊಪಿಲೀನ್ ಮುದುಡಿಕೊಂಡರೂ ಕರಗದು. ಒಳಚೀಲವನ್ನು ಅಂಗಳದಲ್ಲೇ ಎಳೆದು ತೆಗೆಯುವುದೊಂದೇ ಅಗ್ಗದ ದಾರಿ.

ಒಳ್ಳೆಯ ಪಟ್ಟಿಗಳೇ ತೊಟ್ಟಿಯಲ್ಲಿ ಮುಳುಗುತ್ತಿದ್ದರೆ ಅವುಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ತೂಕದಲ್ಲಿ ನೂರಕ್ಕೆ ಸುಮಾರು ಹದಿನೈದಾದರೂ ಇದೆ ಎಂದರ್ಥ. ಅದು ದೋಷವಲ್ಲ, ಆದರೆ ಆ ದಾನಾ ಭಾರವಾಗಿಯೂ ಪೆಡಸಾಗಿಯೂ ಇರುತ್ತದೆ; ಕೊಳ್ಳುವವರಿಗೆ ಮೊದಲೇ ತಿಳಿಸಿ ಮಾರಬೇಕು.

ನಮ್ಮ ಘಟಕದಲ್ಲಿ ಅಂದಿನಿಂದ ಪ್ರತಿ ಲಾಟಿನ ಚೀಟಿಯಲ್ಲಿ ಚೀಲದೊಳಗೆ ಮೊದಲು ಏನಿತ್ತು ಎಂದು ಬರೆಯಲು ಒಂದು ಕಾಲಂ ಸೇರಿತು, ಗಾಳಿಕಿಂಡಿಯ ಪಕ್ಕದ ಮೊಳೆಗೆ ಅರಿಶಿನ ಬಳಿದ ಕಾಗದದ ಕಟ್ಟೊಂದು ನೇತುಬಿದ್ದಿತು.